ಬಿಯರ್ ಬಗ್ಗಿಸುವಾಗ ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ಕುಡಿಯದವರಿಗೆ ಕುಡಿಯಿರಿ ಅಂತ ಹೇಳೋ ಬರಹ ಇದಲ್ಲ. ಕುಡಿಯುವವರು ಸ್ವಲ್ಪ ನೆಟ್ಟಗೆ ಕುಡಿಯಲಿ ಅಂತ ಅಷ್ಟೇ. ಇಷ್ಟು ವರ್ಷದಲ್ಲಿ ಬಿಯರ್ ಮುಂದೆ ಕೂತು ನಾನು ಮಾಡಿದ ತಪ್ಪುಗಳೆಲ್ಲ ಒಂದೇ ಜಾತಿಯವು: ಅವಸರ. ಬೇರೆ ಕಡೆ ಮಾಡಿದ್ದೂ ಅದನ್ನೇ.

ತಣ್ಣಗೆ ಮಾಡುವುದರಿಂದ ಶುರು ಮಾಡೋಣ. ಬ್ಯಾಚುಲರ್ ರೂಮಿನ ದಿನಗಳಲ್ಲಿ ಒಂದು ಭಾನುವಾರ, ಮ್ಯಾಚ್ ಶುರುವಾಗಲು ಅರ್ಧ ಗಂಟೆ ಇದೆ ಅಂತ ಎರಡು ಬಾಟಲಿ ಫ್ರೀಜರ್‌ಗೆ ತುರುಕಿದೆ, ತುರುಕಿ ಮರೆತೇಬಿಟ್ಟೆ. ಬಿಯರ್ ಅಂದರೆ ಮುಕ್ಕಾಲು ಮೂರು ವೀಸ ನೀರೇ ತಾನೇ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ನೀರು ಗಟ್ಟಿಯಾದರೆ ಸುಮಾರು 9% ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಮ್ಯಾಚ್ ನೋಡಬೇಕಾದವನು ಊರಿಂದ ಬಂದ ಅವರೆಕಾಳಿನ ನಡುವಿನಿಂದ ಗಾಜಿನ ಚೂರು ಆರಿಸುತ್ತಾ ಕೂತಿದ್ದೆ. ಕೊನೆಗೆ ಕಾಳನ್ನೂ ಎಸೆಯಬೇಕಾಯಿತು.

ಬೇಗ ತಣ್ಣಗಾಗಬೇಕು ಅಂದರೆ ಬಕೆಟ್‌ಗೆ ಐಸ್ ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಹಾಕಿ, ಬಾಟಲಿ ಇಳಿಸಿ. ಇಪ್ಪತ್ತು ನಿಮಿಷ ಸಾಕು. ಬರೀ ಐಸ್ ಹಾಕಿದರೆ ಅದು ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಾದರೆ ಸುತ್ತ ಅಪ್ಪಿಕೊಳ್ಳುತ್ತದೆ. ಹಾಗೇ, ಬಾಟಲಿಯನ್ನು ಬಿಸಿಲಿಗೆ ಇಡಬೇಡಿ. ಬಿಸಿಲು ಬಿದ್ದರೆ ಬಿಯರ್‌ನಲ್ಲಿರುವ ಹಾಪ್ಸ್ ಹೂವಿನ ಕಹಿ ಕೆಟ್ಟು ಗಂಧಕದಂಥ ನಾತ ಬರುತ್ತದೆ. ಕಂದು ಬಣ್ಣದ ಬಾಟಲಿ ಇರುವುದೇ ಇದನ್ನು ತಡೆಯಲು.

ಈಗ ಬಗ್ಗಿಸುವುದು. ನಮ್ಮಲ್ಲಿ ನೊರೆ ಕಂಡರೆ ಏನೋ ಮೋಸ ಆಯ್ತು ಅನ್ನೋ ಭಾವನೆ. ಅದಕ್ಕೇ ಗ್ಲಾಸನ್ನು ಮಲಗಿಸಿ, ಒಂದು ಗುಳ್ಳೆ ಏಳದ ಹಾಗೆ ಬಗ್ಗಿಸಿ, ದೊಡ್ಡ ಸಾಧನೆ ಮಾಡಿದವರಂತೆ ಸುತ್ತ ನೋಡುತ್ತೇವೆ. ಆ ಗ್ಯಾಸ್ ಎಲ್ಲೂ ಹೋಗಿಲ್ಲ ಮಾರಾಯ್ರೆ, ಒಳಗೇ ಇದೆ, ಹೊಟ್ಟೆಗೆ ಹೋಗಿ ಅಲ್ಲಿ ನೊರೆಯಾಗುತ್ತದೆ. ಅರ್ಧ ಗ್ಲಾಸಿನವರೆಗೆ ಓರೆ ಹಿಡಿಯಿರಿ, ಆಮೇಲೆ ನೆಟ್ಟಗೆ ಮಾಡಿ ಮಧ್ಯಕ್ಕೇ ಸುರಿಯಿರಿ, ಎರಡು ಬೆರಳಿನಷ್ಟು ನೊರೆ ನಿಲ್ಲಲಿ. ನನಗಂತೂ ಆಫೀಸಿನ ಸಿಟ್ಟು ನೆನಪಾಗುತ್ತದೆ. ಮೀಟಿಂಗ್‌ನಲ್ಲೇ ಎರಡು ಬೆರಳಿನಷ್ಟು ಹೇಳಿ ಮುಗಿಸಬೇಕಾದದ್ದನ್ನು ನುಂಗಿಕೊಂಡು ಬಂದು, ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಮೇಲೆ ತೀರಿಸಿದ್ದುಂಟು.

ನೊರೆ ನಿಲ್ಲುತ್ತಿಲ್ಲವೇ? ಗ್ಲಾಸ್ ಜಿಡ್ಡಾಗಿದೆ. ಕಾಂಗ್ರೆಸ್ ಕಡಲೆಬೀಜ ತಿಂದ ಕೈ, ತುಟಿ, ಸರಿಯಾಗಿ ಹೋಗದ ಸೋಪು, ಯಾವುದಾದರೂ ಸಾಕು. ಜಿಡ್ಡು ಹೋಗುವ ಹಾಗೆ ತೊಳೆದು, ಸೋಪು ಉಳಿಯದ ಹಾಗೆ ತಣ್ಣೀರಲ್ಲಿ ಇನ್ನೊಮ್ಮೆ ಜಾಲಿಸಿ.

ಮೊದಲ ಗುಟುಕಿಗೆ ಮುಂಚೆ ಒಂದು ನಿಮಿಷ ಗ್ಲಾಸ್ ನೋಡಿ. ವೈನ್ ಸ್ಟೋರಿನಲ್ಲಿ ಸಿಗುವ ಬಾಟಲಿ ಬಿಯರ್ ಹೆಚ್ಚಿನದ್ದು ಲಾಗರ್. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ದಾಸ್ತಾನು ಇಡುವುದು ಅಂತಲೇ ಅರ್ಥ: ಚಳಿಯಲ್ಲಿ ನಿಧಾನಕ್ಕೆ ಹುದುಗಿಸಿ, ಆಮೇಲೆ ವಾರಗಟ್ಟಲೆ ತಣ್ಣಗೆ ಸುಮ್ಮನೆ ಬಿಡುವುದು. ಈಗ ಜರ್ಮನಿಯಲ್ಲಿರುವ ಬವೇರಿಯಾದಲ್ಲಿ 1516ರಲ್ಲಿ ಒಂದು ಕಾಯಿದೆ ಬಂತು, ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ. ಪಟ್ಟಿಯಲ್ಲಿ ಹುದುಗು ಬರಿಸುವ ಯೀಸ್ಟ್ ಹೆಸರೇ ಇಲ್ಲ! ಅದು ಏನು ಮಾಡುತ್ತದೆ ಅಂತ 19ನೇ ಶತಮಾನದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಡುವವರೆಗೂ ಜನಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ದೋಸೆ ಹಿಟ್ಟು ರುಬ್ಬಿಟ್ಟು ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತುತ್ತಿದ್ದಳು, ನಾನು ಪದೇ ಪದೇ ಮುಚ್ಚಳ ತೆಗೆದು ನೋಡಿದರೆ ಬೈಯುತ್ತಿದ್ದಳು. ನೋಡಿದರೆ ಬೇಗ ಉಬ್ಬುತ್ತಾ, ಅಂತ. ಮಗಳ ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ಈ ಮಾತು ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ಮುಖ್ಯವಾದದ್ದು ಲೆಕ್ಕ. "ಬಿಯರ್ ತಾನೇ, ಏನಾಗುತ್ತೆ" ಅನ್ನುವವರು ಇದನ್ನು ಎರಡು ಸಲ ಓದಿ. 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲಿ 8% ಅಂದರೆ 52 ಎಂಎಲ್ ಆಲ್ಕೋಹಾಲ್. ನಮ್ಮ ವಿಸ್ಕಿ 42.8%. ಅಂದರೆ ಒಂದು ಸ್ಟ್ರಾಂಗ್ ಖಾಲಿ ಮಾಡಿದರೆ ಒಂದು ನೈಂಟಿ (90 ಎಂಎಲ್ ವಿಸ್ಕಿ), ಅದರ ಮೇಲೊಂದು ಥರ್ಟಿ ಹಾಕಿದ ಹಾಗೆ. ಎರಡು ಬಾಟಲಿ ಆದಮೇಲೆ ಬೈಕ್ ಕೀ ಹುಡುಕುವವನು ಕ್ವಾರ್ಟರ್‌ಗಿಂತ (180 ಎಂಎಲ್) ಜಾಸ್ತಿ ಏರಿಸಿದ್ದಾನೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬೈಕ್ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಹೋದಮೇಲೆ ತೀರ್ಮಾನ ಮಾಡ್ತೀನಿ ಅನ್ನಬೇಡಿ, ಆಗ ತೀರ್ಮಾನ ಮಾಡುವವನು ನೀವಾಗಿರುವುದಿಲ್ಲ.

ಸಾಕು ಅನ್ನಿಸಿದಾಗ ಬಾಟಲಿಯಲ್ಲಿ ಉಳಿದಿದ್ದರೆ ಉಳಿಯಲಿ. ದುಡ್ಡು ಕೊಟ್ಟಿದ್ದೀವಿ ಅಂತ ಬೆಚ್ಚಗಾದ ಕೊನೆಯ ಕಾಲು ಭಾಗವನ್ನು ಕಣ್ಣು ಮುಚ್ಚಿ ಇಳಿಸುವುದು ನಾನು ಬಿಟ್ಟಿದ್ದೇನೆ. ಗ್ಯಾಸ್ ಪೂರ್ತಿ ಹೋಗುವ ಮುಂಚೆ ಅದನ್ನು ಕಡಲೆಹಿಟ್ಟಿಗೆ ನೀರಿನ ಬದಲು ಹಾಕಿ ಕಲಸಿ ಮೆಣಸಿನಕಾಯಿ ಬಜ್ಜಿ ಕರಿದರೆ, ಸೋಡಾ ಬೇಡ, ಗರಿಗರಿ ಬರುತ್ತದೆ. ಮನೆಯಲ್ಲಿ ಮುಟ್ಟದವರಿದ್ದರೆ ಅವರಿಗೆ ಬೇರೆ ಹಿಟ್ಟು ಕಲಸಿ. ಎಣ್ಣೆ ಚೆನ್ನಾಗಿ ಕಾದಿರಬೇಕು, ಬಾಣಲೆಯಲ್ಲಿರೋ ಎಣ್ಣೆ.