ಗಮಲ ಟಿಸುಕಿ ಏನನ್ನು ತುಪ್ಪಿತು?

‘ಗಮಲ ಟಿಸುಕಿಯು ಹೊಳೆದಂಡೆಯಲ್ಲಿ ಬೊಡಲನ್ನು ತುಪ್ಪಿತು.’ ಈ ವಾಕ್ಯಕ್ಕೆ ಅರ್ಥವಿಲ್ಲ, ನಾನೇ ಕಟ್ಟಿದ್ದು. ಆದರೂ ‘ಟಿಸುಕಿ ಏನನ್ನು ತುಪ್ಪಿತು?’ ಎಂದರೆ ‘ಬೊಡಲನ್ನು’ ಎಂದು ಮೂರನೇ ಕ್ಲಾಸಿನ ಮಗುವೂ ಹೇಳಬಲ್ಲದು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವುದೂ ಎಷ್ಟೋ ಸಲ ಹೀಗೆಯೇ: ಪದ ಎಲ್ಲಿದೆ ಎಂದು ಹುಡುಕು, ಆ ಸಾಲನ್ನು ಇಳಿಸು. ಕಾಗುಣಿತ, ಒತ್ತಕ್ಷರ ಕೈಗೆ ಬಂದರೆ ಕನ್ನಡವನ್ನು ಅರ್ಥವಾಗದೆಯೂ ಪಟಪಟನೆ ಓದಬಹುದು. ನಾವು ಮೇಷ್ಟರು ಮೋಸಹೋಗುವುದು ಅಲ್ಲೇ.

ಆದ್ದರಿಂದ ಅರ್ಥಮಾಡಿಕೊಂಡು ಓದುವುದನ್ನು ಕಲಿಸಬೇಕು. ಅದಕ್ಕೆ ಇಡೀ ಪಾಠ ಬೇಡ, ನಾಲ್ಕೈದು ಸಾಲು ಸಾಕು. ಇದನ್ನು ಬೋರ್ಡಿನ ಮೇಲೆ ಬರೆಯಿರಿ:

‘ಶಿವಣ್ಣ ಸಂತೆಯಿಂದ ಬಂದವನೇ ಕೊಡೆಯನ್ನು ಜಗಲಿಯಲ್ಲಿ ಬಿಚ್ಚಿಟ್ಟ. ಅವ್ವ ಟವೆಲ್ ಕೊಟ್ಟು, ಒಲೆಯ ಮುಂದೆ ಮಣೆ ಹಾಕಿದಳು. ಅವನು ಚೀಲದಿಂದ ಮಂಡಕ್ಕಿ ಪೊಟ್ಟಣ ತೆಗೆದುಕೊಟ್ಟ. ತಂಗಿ ಬಿಡಿಸಿ ನೋಡಿ ಅಳತೊಡಗಿದಳು. ಒಂದು ಕಾಳೂ ತಿನ್ನಲಿಲ್ಲ.’

ಮಕ್ಕಳು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಲಿ. ಆಮೇಲೆ ಗೊತ್ತಿಲ್ಲದ ಪದ ಕೇಳಿ. ಮಂಡಕ್ಕಿ ಮೈಸೂರು ಕಡೆ ಪುರಿ, ಹುಬ್ಬಳ್ಳಿ ಕಡೆ ಚುರುಮುರಿ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗು ತನ್ನ ಪದವನ್ನೇ ಹೇಳಲಿ.

ಈಗ ಅಸಲು ಕೆಲಸ. ‘ಶಿವಣ್ಣ ಎಲ್ಲಿಂದ ಬಂದ?’ ಎಂದು ಕೇಳಿ ಬೇಗ ಮುಗಿಸಿ. ಮುಂದಿನದು: ‘ಹೊರಗೆ ಏನಾಗುತ್ತಿತ್ತು?’ ಮಳೆ ಎನ್ನುತ್ತಾರೆ. ‘ಮಳೆ ಅಂತ ಎಲ್ಲಿದೆ, ತೋರಿಸಿ.’ ಎಲ್ಲೂ ಇಲ್ಲ! ಈ ತಬ್ಬಿಬ್ಬಿನ ಗಳಿಗೆಯಲ್ಲಿ ನೀವು ಬಾಯಿ ಬಿಡಬೇಡಿ. ಒಬ್ಬಳು ಕೊಡೆ ಎಂದರೆ, ‘ಕೊಡೆ ಬಿಸಿಲಿಗೂ ಹಿಡೀತಾರಲ್ಲ ಮಿಸ್’ ಎಂದು ಇನ್ನೊಬ್ಬ ತಡೆಯುತ್ತಾನೆ. ಹಾಗಾದರೆ ಬಿಚ್ಚಿಟ್ಟದ್ದೇಕೆ? ಬಿಸಿಲಿನ ಕೊಡೆಯನ್ನು ಮಡಚಿಡುತ್ತಾರೆ, ನೆನೆದದ್ದನ್ನು ಬಿಚ್ಚಿಡುತ್ತಾರೆ. ಒಂದು ಕ್ರಿಯಾಪದದಲ್ಲಿ ಇಷ್ಟಿದೆ.

‘ತಂಗಿ ಯಾಕೆ ಅತ್ತಳು?’ ಮಂಡಕ್ಕಿ ನೆನೆದು ಮೆತ್ತಗಾಗಿತ್ತು ಎಂದು ಕೆಲವರು, ಕಮ್ಮಿ ತಂದಿದ್ದ ಎಂದು ಕೆಲವರು. ಸರಿ-ತಪ್ಪು ಹೇಳುವ ಬದಲು, ಯಾವ ಉತ್ತರಕ್ಕೆ ಹೆಚ್ಚು ಸಾಲುಗಳ ಬೆಂಬಲವಿದೆ ಎಂದು ಎಣಿಸಲು ಹೇಳಿ. ‘ತಿನ್ನಲಿಲ್ಲ’, ಯಾರು? ಆ ಪದ ಗಂಡೋ ಹೆಣ್ಣೋ ತಿಳಿಸುವುದಿಲ್ಲ. ಹಿಂದಿನ ಸಾಲಿಗೆ ಹೋಗಬೇಕು. ಕರ್ತೃಪದ ಬಿಟ್ಟು ಬರೆಯುವ ಕನ್ನಡದಲ್ಲಿ ಮಕ್ಕಳು ಎಡವುವುದು ಇಂಥ ಕಡೆ.

ವಾರ ಕಳೆದ ಮೇಲೆ ಮೇಷ್ಟರ ಕೆಲಸ ಮಕ್ಕಳಿಗೇ ಕೊಡಿ. 1984ರಲ್ಲಿ ಅಮೆರಿಕದಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕಿಯರು ಪ್ರಕಟಿಸಿದ ವಿಧಾನವಿದು. ಅವರು ಆರಿಸಿಕೊಂಡದ್ದೂ ಸರಾಗ ಓದುವ, ಆದರೆ ಓದಿದ್ದು ಅರ್ಥವಾಗದ ಏಳನೇ ತರಗತಿಯ ಮಕ್ಕಳನ್ನೇ. ಸಣ್ಣ ಗುಂಪಿನಲ್ಲಿ ಸರದಿಯಂತೆ ಒಬ್ಬರು ಮುಂದೇನಾದೀತು ಎಂದು ಊಹಿಸಬೇಕು, ಪ್ರಶ್ನೆ ಕೇಳಬೇಕು, ತೊಡಕು ಬಿಡಿಸಬೇಕು, ಓದಿದ್ದನ್ನು ಚುಟುಕಾಗಿ ಹೇಳಬೇಕು. ಮೊದಮೊದಲು ಗದ್ದಲ ಜಾಸ್ತಿ. ಪಕ್ಕದ ಕ್ಲಾಸಿನವರಿಗೆ ಮೊದಲೇ ತಿಳಿಸಿರಿ.

ಪರೀಕ್ಷೆ ಬೇಕೆನಿಸಿದರೆ ಕೊಡೆಯ ಸಾಲನ್ನು ಅಳಿಸಿ, ‘ಈಗಲೂ ಮಳೆ ಎನ್ನಬಹುದೇ?’ ಎಂದು ಕೇಳಿ. ಟವೆಲ್ ಬೆವರು ಒರೆಸಿಕೊಳ್ಳಲೂ ಇರಬಹುದಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಮುಂದಿನ ಪಾಠಕ್ಕೆ ಹೋಗಬಹುದು.