ಸಾವಿಲ್ಲದ ಟಿಟಿಯೂ ಅಚ್ಚಾಯಿತು: ನನ್ನ ಅನುಭವ

ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಊರ ರಸ್ತೆಗಳಲ್ಲೇ ನಡೆಯುವ ಟಿಟಿ (ಟೂರಿಸ್ಟ್ ಟ್ರೋಫಿ) ಬೈಕ್ ರೇಸ್ ಕನ್ನಡ ಪತ್ರಿಕೆಗಳಲ್ಲಿ ಸುದ್ದಿಯಾಗಬೇಕಾದರೆ ಅಲ್ಲಿ ಯಾರಾದರೂ ಸಾಯಲೇಬೇಕು ಎಂಬುದು ನಮ್ಮ ಕ್ರೀಡಾ ಡೆಸ್ಕ್‌ಗಳ ಅಲಿಖಿತ ನಿಯಮ. ಒಬ್ಬ ಸ್ಪರ್ಧಿಯೂ ಸಾಯದ 2024ರ ಟಿಟಿಯಿಂದ ನಾನು ಒಂಬತ್ತು ಬರಹ ಕಳಿಸಿದೆ, ಏಳು ಅಚ್ಚಾದವು. ಆಗದ ಕೆಲಸವೆಂದು ನಕ್ಕಿದ್ದ ಗೆಳೆಯರೇ ಈಗ ಹೇಗೆ ಮಾಡಿದೆಯೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಕೋವಿಡ್‌ನಿಂದ ಎರಡು ವರ್ಷ ನಿಂತಿದ್ದ ರೇಸ್ 2022ರಲ್ಲಿ ಮತ್ತೆ ಆರಂಭವಾದಾಗ ಸ್ವಂತ ಖರ್ಚಿನಲ್ಲಿ ಹೋದೆ. ವೀಸಾ, ವಿಮಾನ, ಹಡಗು, ದ್ವೀಪದ ರಾಜಧಾನಿ ಡಗ್ಲಾಸ್‌ನಲ್ಲಿ ಒಂದು ಕೋಣೆ ಎಲ್ಲ ಸೇರಿ ಸುಮಾರು ಮೂರೂಕಾಲು ಲಕ್ಷ ರೂಪಾಯಿ ಕೈಬಿಟ್ಟಿತು. ಮನೆಯಲ್ಲಿ ಹೇಳಿದ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆಯದು. ರೇಸಿನ ಬಗ್ಗೆ ಐದಾರು ಬರಹ ಕಳಿಸಿದೆ, ಒಂದೂ ಬರಲಿಲ್ಲ. ಸಾವಿನ ಸುದ್ದಿಗಳು ಮಾತ್ರ ಒಂದೂ ತಪ್ಪದೆ ಬಂದವು, ಅದೂ ನಾನು ಬಳಸದ ‘ಸಾವಿನ ರೇಸ್’ ಎಂಬ ಶೀರ್ಷಿಕೆಯಡಿ. ಒಟ್ಟು ಸಂಭಾವನೆ ಹದಿನೆಂಟು ಸಾವಿರದ ಆಸುಪಾಸು.

ಆ ವರ್ಷ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಜೂನ್ 4ರ ಸೈಡ್‌ಕಾರ್ (ಸವಾರನ ಜೊತೆ ಪಕ್ಕದಲ್ಲಿ ಇನ್ನೊಬ್ಬನಿರುವ ಮೂರು ಚಕ್ರದ ಬೈಕ್) ರೇಸಿನ ಮೊದಲ ಲ್ಯಾಪಿನಲ್ಲೇ ಫ್ರಾನ್ಸಿನ ಜೋಡಿಯೊಂದು ಅಪಘಾತಕ್ಕೀಡಾಯಿತು. ಸತ್ತವರು ಸೆಜಾರ್ ಶನಾಲ್ ಎಂದು ಮೊದಲು ಅಧಿಕೃತವಾಗಿಯೇ ಪ್ರಕಟವಾಯಿತು. ಹೇಳಿಕೆ ಕೈಗೆ ಬಂದ ಇಪ್ಪತ್ತು ನಿಮಿಷದೊಳಗೆ ನಾನು ಸುದ್ದಿ ಕಳಿಸಿ, ಎಲ್ಲರಿಗಿಂತ ಮೊದಲು ಕೊಟ್ಟೆನೆಂದು ಬೀಗಿದೆ. ನಾಲ್ಕು ದಿನಗಳ ನಂತರ ತಿದ್ದುಪಡಿ ಬಂತು: ಗುರುತು ಅದಲುಬದಲಾಗಿತ್ತು, ತೀರಿಕೊಂಡವರು ಒಲಿವಿಯೆ ಲಾವೊರೆಲ್, ಶನಾಲ್ ಆಸ್ಪತ್ರೆಯಲ್ಲಿ ಜೀವನ್ಮರಣದ ಹೋರಾಟದಲ್ಲಿದ್ದರು. ಅವರೂ ಅಕ್ಟೋಬರಿನಲ್ಲಿ ತೀರಿಕೊಂಡರು. ತಿದ್ದುಪಡಿಯನ್ನು ಹಾಕಿ ಎಂದು ನಾನು ಕೇಳಿದಾಗ ಡೆಸ್ಕಿನಲ್ಲಿದ್ದವರು “ಆ ಇಬ್ಬರಲ್ಲಿ ಯಾರು ಯಾರೆಂದು ಇಲ್ಲಿ ಯಾರಿಗೆ ಗೊತ್ತು, ಬಿಡಿ ಸಾರ್” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬದುಕಿದ್ದಾಗ ಆ ಇಬ್ಬರ ಹೆಸರನ್ನೂ ನಾನು ಒಂದು ಸಲವೂ ಬರೆದಿರಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಹುಡುಗ ತೀರಿಕೊಂಡಾಗಲೂ ಹೀಗೆಯೇ ಆಯಿತು. ಅವನು ಗೆದ್ದ ರೇಸುಗಳ ವಿವರ ಬಹುತೇಕ ಓದುಗರಿಗೆ ಸಿಕ್ಕಿದ್ದು ಅವನ ಸಾವಿನ ಸುದ್ದಿಯ ಕೊನೆಯ ಸಾಲುಗಳಲ್ಲಿ.

ಹಾಗಾಗಿ 2024ಕ್ಕೆ ಹೊರಡುವಾಗ ಒಂದು ಕಟ್ಟುಪಾಡು ಹಾಕಿಕೊಂಡೆ: ಓದುಗನಿಗೆ ಬದುಕಿದ್ದಾಗ ಪರಿಚಯಿಸದ ಸವಾರನ ಸಾವನ್ನು ನಾನು ಬರೆಯುವುದಿಲ್ಲ. ಸ್ಪರ್ಧಿಗಳ ಪಟ್ಟಿಯಲ್ಲಿ ನಲವತ್ತರಿಂದ ಆಚೆಗಿನ ನಂಬರಿನವರನ್ನು ಆರಿಸಿಕೊಂಡೆ. ಇವರಲ್ಲಿ ಬಹಳಷ್ಟು ಜನ ವರ್ಷವಿಡೀ ಬೇರೆ ಕಸುಬು ಮಾಡಿ, ಉಳಿಸಿದ್ದನ್ನೆಲ್ಲ ಈ ಎರಡು ವಾರಕ್ಕೆ ಸುರಿಯುವವರು. ಅಭ್ಯಾಸ ಶುರುವಾಗುವ ಮೊದಲೇ ಹತ್ತು ಹನ್ನೊಂದು ಮಂದಿಯ ಪರಿಚಯ ನನ್ನ ಬಳಿ ಸಿದ್ಧವಿತ್ತು. ತಂಡಗಳು ಬೈಕ್ ಸಜ್ಜುಗೊಳಿಸುವ ಪ್ಯಾಡಕ್‌ನಲ್ಲಿ ಅವರನ್ನು ಮಾತಿಗೆಳೆಯಲು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಅದು ಬೈಕಿನ ಬಗ್ಗೆಯೂ ಅಲ್ಲ, ಭಯದ ಬಗ್ಗೆಯೂ ಅಲ್ಲ ಎಂದಷ್ಟೇ ಹೇಳಬಲ್ಲೆ.

ಅಪಾಯವನ್ನು ನಾನು ಮುಚ್ಚಿಡಲಿಲ್ಲ. ಟಿಟಿ ನಡೆಯುವ ಮೌಂಟನ್ ಕೋರ್ಸ್ ಎಂಬ ರಸ್ತೆ ಸುತ್ತಿನಲ್ಲಿ 1911ರಿಂದ ಈಚೆಗೆ 260ಕ್ಕೂ ಹೆಚ್ಚು ಸ್ಪರ್ಧಿಗಳು ಸತ್ತಿದ್ದಾರೆ. ಡೆಸ್ಕ್ ಈ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಕೇಳುತ್ತದೆ, ಆದರೆ ಅದು ಏಕೆ ಹಾಗೆ ಎಂದು ಕೇಳುವುದಿಲ್ಲ. ಆದ್ದರಿಂದ ಒಂದಿಡೀ ಬರಹವನ್ನು ಬ್ರೇ ಹಿಲ್‌ಗೆ ಮೀಸಲಿಟ್ಟೆ. ಅದು ಎರಡೂ ಬದಿ ಮನೆಗಳಿರುವ ಇಳಿಜಾರಿನ ಬೀದಿ. ಇಳಿಜಾರಿನ ಬುಡದಲ್ಲಿ ಒಂದು ಮೋಟುಗೋಡೆಯ ಹಿಂದೆ ಚಹಾ ಲೋಟ ಹಿಡಿದು ನಿಂತಿದ್ದೆ. ಸದ್ದು ಮೇಲಿನಿಂದ ಕೇಳಿಸಿತು ಎನ್ನುವಷ್ಟರಲ್ಲಿ ಬೈಕ್ ಬುಡಕ್ಕೆ ಬಂದು, ಸಸ್ಪೆನ್ಷನ್ ಪೂರ್ತಿ ಕುಸಿದು, ಹೊಟ್ಟೆ ಡಾಂಬರಿಗೆ ಉಜ್ಜಿ, ಮುಂದಿನ ಏರಿನಲ್ಲಿ ಮರೆಯಾಯಿತು. ಚಹಾ ನನ್ನ ಅಂಗಿಯ ಮೇಲಿತ್ತು. ಅಲ್ಲಿ ಬಿದ್ದವನಿಗೆ ಜಾರಿಹೋಗಲು ಜಲ್ಲಿಯ ಹಾಸಿಲ್ಲ. ಇರುವುದು ಕಾಂಪೌಂಡು, ಗೇಟು, ವಿದ್ಯುತ್ ಕಂಬ.

ಒಂದು ಲ್ಯಾಪ್ 60.7 ಕಿಲೋಮೀಟರ್ ಎಂದರೆ ಯಾರಿಗೂ ನಾಟುವುದಿಲ್ಲ. ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ, ಹಳೆಯ ರಸ್ತೆಯಲ್ಲಿ, ಊರುಗಳ ನಡುವಿನಿಂದ, ಹದಿನಾರೂವರೆ ನಿಮಿಷದಲ್ಲಿ ಎಂದು ಬರೆದೆ. ಸವಾರ ಪೀಟರ್ ಹಿಕ್‌ಮನ್ 2023ರಲ್ಲಿ ಮಾಡಿದ ದಾಖಲೆ ಹೆಚ್ಚುಕಡಿಮೆ ಅಷ್ಟೇ, ಸರಾಸರಿ ಗಂಟೆಗೆ 219 ಕಿಲೋಮೀಟರ್. ಓದುಗರ ಪತ್ರಗಳಲ್ಲಿ ಹೆಚ್ಚಿನವು ಈ ಒಂದು ಸಾಲಿಗೇ ಬಂದವು. ಅಪಾಯವನ್ನು ಪತ್ರಕರ್ತರೇ ಕಂಡುಹಿಡಿದಂತೆ ಬರೆಯುವುದೂ ನನಗೆ ಒಗ್ಗದು. 1972ರಲ್ಲಿ ಗೆಳೆಯ, ಸವಾರ ಪಾರ್ಲೋಟಿ ಇಲ್ಲಿ ಸತ್ತಾಗ ಇನ್ನು ಇಲ್ಲಿಗೆ ಬರುವುದಿಲ್ಲವೆಂದು ಹೊರನಡೆದವರು ಸ್ವತಃ ಇಟಲಿಯ ವಿಶ್ವ ಚಾಂಪಿಯನ್ ಅಗೊಸ್ಟಿನಿ, ಮತ್ತು 1976ರ ನಂತರ ಟಿಟಿ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಉಳಿಯಲಿಲ್ಲ.

ನಡುವೆ ಕೆಲವು ಪ್ರಯೋಗಗಳೂ ಆದವು. ಕರ್ಕ್ ಮೈಕಲ್ ಹಳ್ಳಿಯಲ್ಲಿ ಬೈಕುಗಳ ಸದ್ದನ್ನು ಫೋನಿನಲ್ಲಿ ಮುದ್ರಿಸಿ, ಗೇರ್ ಬದಲಾವಣೆಯಿಂದಲೇ ಸವಾರನನ್ನು ಗುರುತಿಸಬಹುದೇ ಎಂದು ನೋಡಿದೆ. ಗಾಳಿಯ ಸದ್ದಲ್ಲದೆ ಏನೂ ಸಿಗಲಿಲ್ಲ. ಸವಾರರನ್ನು ಹತ್ತು ಹತ್ತು ಸೆಕೆಂಡಿಗೆ ಒಬ್ಬೊಬ್ಬರಂತೆ ಬಿಡುವುದರಿಂದ ಕಣ್ಣೆದುರು ಮುಂದೆ ಹೋದವನೇ ಮುಂದಿದ್ದಾನೆ ಎನ್ನಲಾಗದು. ಅದಕ್ಕಾಗಿ ಸ್ಟಾಪ್‌ವಾಚಿನಲ್ಲಿ ನಾನೇ ಲೆಕ್ಕ ಹಿಡಿಯಲು ಹೋಗಿ ಎರಡು ದಿನ ಹಾಳುಮಾಡಿಕೊಂಡೆ. ಕೊನೆಗೆ ರೇಡಿಯೊ ಕಾಮೆಂಟರಿಯೇ ಗತಿಯಾಯಿತು. ಸಂಜೆಯ ಅಭ್ಯಾಸ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ರಾತ್ರಿ ಹನ್ನೊಂದರ ಸುಮಾರು, ಮೊದಲ ಆವೃತ್ತಿಗೆ ಸಿಗುವುದೇ ಇಲ್ಲ. ಅಭ್ಯಾಸದ ಸುದ್ದಿಯನ್ನು ಕೈಬಿಟ್ಟು ಆ ಜಾಗಕ್ಕೆ ಪರಿಚಯಗಳನ್ನು ಕಳಿಸಿದ್ದೇ ನನ್ನ ಕೈಹಿಡಿಯಿತು.

ಆ ಸಲ ಅದೃಷ್ಟವೂ ಜೊತೆಗಿತ್ತು ಎನ್ನುವವರಿಗೆ ನನ್ನ ತಕರಾರಿಲ್ಲ. ಸೂಪರ್‌ಬೈಕ್ ರೇಸಿನಲ್ಲಿ ಮುಂದಿದ್ದ ಮೈಕಲ್ ಡನ್‌ಲಪ್ ಹೆಲ್ಮೆಟ್ಟಿನ ವೈಸರ್ (ಮುಖದ ಮುಂದಿನ ಪಾರದರ್ಶಕ ಪರದೆ) ಸರಿಪಡಿಸಲು ನಿಲ್ಲಬೇಕಾಗಿ ಬಂದು ಗೆಲುವು ಕಳೆದುಕೊಂಡರು. ಮುಂದೆ ಸೂಪರ್‌ಟ್ವಿನ್ ರೇಸ್ ಗೆದ್ದು ಚಿಕ್ಕಪ್ಪನೋ ದೊಡ್ಡಪ್ಪನೋ ಎಂದು ಡೆಸ್ಕ್ ನನ್ನನ್ನು ಮೂರು ಸಲ ಕೇಳಿದ ಜೋಯಿ ಡನ್‌ಲಪ್‌ರ 26 ಗೆಲುವುಗಳ ದಾಖಲೆಯನ್ನು ದಾಟಿದರು. ದೊಡ್ಡಪ್ಪ, ಎಂದು ಮೂರು ಸಲವೂ ಉತ್ತರಿಸಿದೆ. ಒಂದು ವೈಸರಿನ ಕಥೆ ಅರ್ಧ ಪುಟ ತುಂಬಿತು.

ಸಾವಿಲ್ಲದ ವರ್ಷದಲ್ಲಿ ನಿನ್ನ ವಿಧಾನ ಪರೀಕ್ಷೆಗೇ ಒಳಗಾಗಲಿಲ್ಲ ಎಂದು ಒಬ್ಬ ಹಿರಿಯರು ಹೇಳಿದರು. ಅರ್ಧ ನಿಜ. ಮನೆಯವರಿಗೆ ತಿಳಿಯುವವರೆಗೆ ಹೆಸರಿಲ್ಲ, ಮುರಿದ ಬೈಕಿನ ಚಿತ್ರವಿಲ್ಲ, ಕಾರಣದ ಊಹೆಯಿಲ್ಲ ಎಂದು ಬರೆದಿಟ್ಟ ಹಾಳೆ ಬಳಕೆಯಾಗದೆ ಡೈರಿಯಲ್ಲೇ ಇದೆ. ಆದರೆ ಸಾವಿಲ್ಲದೆ ಈ ರೇಸ್ ಮಾರಾಟವಾಗದು ಎಂದವರೂ ಅವರೇ.

ಡೇರೆಯಲ್ಲಿ ಮಲಗಿ ಖರ್ಚನ್ನು ಎರಡೂವರೆ ಲಕ್ಷಕ್ಕೆ ಇಳಿಸಿದ್ದೆ; ಬಂದದ್ದು ನಲವತ್ತೈದು ಸಾವಿರದಷ್ಟು. ಅಚ್ಚಾಗದ ಎರಡರಲ್ಲಿ ಸದ್ದಿನ ಬರಹ ನಿಜಕ್ಕೂ ಕೆಟ್ಟದಾಗಿತ್ತು. ಸಂಬಳವಿಲ್ಲದೆ ರಸ್ತೆಯಂಚಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳ ಬಗೆಗಿನದು ಮಾತ್ರ ಇನ್ನೂ ನನ್ನ ಬಳಿಯಿದೆ. ಬೇಕಾದವರು ಸಂಭಾವನೆಯನ್ನು ಮೊದಲು ತಿಳಿಸಲಿ.