ಮಹಡಿ ಬಾಡಿಗೆಗೆ ಕೊಟ್ಟು, ನಾಲ್ಕು ವರ್ಷ ‘ಬದಲಾವಣೆ ಇಲ್ಲ’ ಅಂತ ಆಸ್ತಿ ತೆರಿಗೆ ಕಟ್ಟಿದ್ದೆ

2024ರ ಜನವರಿಯಲ್ಲಿ ನಮ್ಮ ಮಹಡಿ ಮನೆಯ ಹುಡುಗ ಬಂದು, “ಅಂಕಲ್, ನಿಮ್ಮ ಪ್ಯಾನ್ ನಂಬರ್ ಬೇಕಿತ್ತು, ಎಚ್‌ಆರ್‌ಎಗೆ ಆಫೀಸಲ್ಲಿ ಕೇಳ್ತಿದಾರೆ” ಅಂದ. ಅದೇ, ಸಂಬಳದ ಜೊತೆ ಬರೋ ಮನೆ ಬಾಡಿಗೆ ಭತ್ಯೆ, ಅದರ ತೆರಿಗೆ ವಿನಾಯಿತಿಗೆ. ಅದುವರೆಗೆ ಅವನು ಯಾವತ್ತೂ ಕೇಳಿರಲಿಲ್ಲ. ಬಾಡಿಗೆ ತಿಂಗಳಿಗೆ 8,000 ಇದ್ದಾಗ ವರ್ಷಕ್ಕೆ 96,000 ಆಗುತ್ತಿತ್ತು, ಆ ವರ್ಷ 9,000 ಮಾಡಿದ್ದರಿಂದ 1,08,000. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು. ಸರಿ, ಬರೆದುಕೊಟ್ಟೆ. ರಾತ್ರಿ ಮಲಗಿದಾಗ ಹೊಳೆಯಿತು: ಆದಾಯ ತೆರಿಗೆಯವರಿಗೆ ಮಹಡಿ ಬಾಡಿಗೆಗಿದೆ ಅಂತ ನಾನೂ ಹೇಳುತ್ತಿದ್ದೇನೆ, ಅವನೂ ಹೇಳುತ್ತಿದ್ದಾನೆ. ಪಾಲಿಕೆಗೆ ಏನು ಹೇಳಿದ್ದೇನೆ?

ಎದ್ದು ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿದೆ. ಎರಡೂ ಮಹಡಿ ‘ಸ್ವಂತ ವಾಸ’.

ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆ ಅಲ್ವಾ. ಹೋದ ವರ್ಷಕ್ಕಿಂತ ಏನೂ ಬದಲಾಗಿಲ್ಲ ಅಂದರೆ ಫಾರಂ 4, ಅಳತೆಯೋ ಬಳಕೆಯೋ ಬದಲಾಗಿದ್ದರೆ ಫಾರಂ 5. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತೆ ಅನ್ನೋ ಆತುರದಲ್ಲಿ ಪ್ರತಿ ವರ್ಷ ಫಾರಂ 4 ಒತ್ತಿ ಮುಗಿಸುತ್ತಿದ್ದೆ. ಹುಡುಗ ಬಂದದ್ದು 2020ರ ಮಾರ್ಚ್ ಮೊದಲ ವಾರ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ. ಆ ಗಲಾಟೆಯಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತೆ? ಆದರೆ ‘ಬದಲಾವಣೆ ಇಲ್ಲ’ ಅಂತ ಹೇಳಿದವನು ನಾನೇ. ಅದಂತೂ ನಿಜ.

ಪಕ್ಕದ ಮನೆಯವರು “ಸುಮ್ನೆ ಇರಿ ಸಾರ್, ನೀವಾಗಿ ಹೋಗಿ ಹೇಳಿದ್ರೆ ಇನ್ನೂ ನಾಲ್ಕು ತಪ್ಪು ಹುಡುಕ್ತಾರೆ” ಅಂದರು. ನನಗೆ ಅದು ಸರಿ ಅನಿಸಲಿಲ್ಲ. ನಾಳೆ ಮನೆ ಮೇಲೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ವಕೀಲರು ಮೊದಲು ಕೇಳೋದೇ ತೆರಿಗೆ ರಸೀದಿ. (ರಸೀದಿ ಇದ್ದರೆ ಆಸ್ತಿ ನಮ್ಮದು ಅಂತ ಸಾಬೀತಾಗುತ್ತೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಪಾಲಿಕೆಯ ತೆರಿಗೆ ದಾಖಲೆಯಾದ ಖಾತೆಯೂ ಅಷ್ಟೆ. ಹಕ್ಕು ಬರೋದು ಕ್ರಯಪತ್ರ, ವಿಭಾಗಪತ್ರದಂಥ ನೋಂದಾಯಿತ ಪತ್ರದಿಂದ.)

ಭಾನುವಾರ ಟೇಪು ಹಿಡಿದು ಅಳೆಯಲು ಕೂತೆ. ಒಂದು ತುದಿ ಹೆಂಡತಿ ಹಿಡಿದಿದ್ದಳು. “ರೀ, ಹಿಂದಿನ ಯುಟಿಲಿಟಿ ಲೆಕ್ಕದಲ್ಲಿ ಇದೆಯಾ?” ಅಂತ ಅವಳೇ ಕೇಳಿದ್ದು. ಇರಲಿಲ್ಲ. ಪಾತ್ರೆ, ಬಟ್ಟೆ ತೊಳೆಯೋ ಆ ಜಾಗ 8 ಅಡಿಗೆ 6 ಅಡಿ, ಮೇಲೆ ಮೋಲ್ಡ್ ಹಾಕಿಸಿದ್ದು, 48 ಚದರ ಅಡಿ. ದಾಖಲೆಯಲ್ಲಿ ಮಹಡಿ 752 ಇತ್ತು, ನಿಜಕ್ಕೂ 800. ಒಂದು ತಪ್ಪು ಹುಡುಕಲು ಹೋಗಿ ಎರಡು ಸಿಕ್ಕವು.

ಲೆಕ್ಕ ಹೀಗೆ. ತೆರಿಗೆ ದರಕ್ಕೆ ಪಾಲಿಕೆ ಮಾಡಿದ ವಲಯಗಳಲ್ಲಿ ನಮ್ಮ ರಸ್ತೆ ಡಿ ವಲಯ, ಆರ್‌ಸಿಸಿ ಮನೆ. ಸ್ವಂತ ವಾಸಕ್ಕೆ ಚದರ ಅಡಿಗೆ ತಿಂಗಳಿಗೆ 1.60 ರೂಪಾಯಿ, ಬಾಡಿಗೆಗೆ 3.20, ಸರಿಯಾಗಿ ಎರಡರಷ್ಟು. ಅದನ್ನು ಅಳತೆಯಿಂದ ಗುಣಿಸಿ, ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಅದರಲ್ಲಿ ಶೇ 20 ತೆರಿಗೆ. ನಾನು ಮಹಡಿಗೆ ಕಟ್ಟುತ್ತಿದ್ದದ್ದು 752 × 1.60 × 10ರ ಶೇ 20, ಅಂದರೆ ಸುಮಾರು 2,406. ಕಟ್ಟಬೇಕಿದ್ದದ್ದು 800 × 3.20 × 10ರ ಶೇ 20, ಅಂದರೆ 5,120. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ, ಸೆಸ್ ಸೇರಿಸುತ್ತಾರೆ, ಅವೆಲ್ಲ ಬಿಟ್ಟರೂ ವರ್ಷಕ್ಕೆ 2,714 ಕಡಿಮೆ. ಒಂದು ತಿಂಗಳ ಬಾಡಿಗೆಯ ಮೂರನೇ ಒಂದು ಪಾಲೂ ಅಲ್ಲ! ಇಷ್ಟಕ್ಕೆ ನಿದ್ದೆ ಕೆಡಿಸಿಕೊಂಡಿದ್ದೆ.

ದಂಡ ಮಾತ್ರ ಇಷ್ಟು ಸಣ್ಣದಲ್ಲ. ತಪ್ಪಿಸಿದ ತೆರಿಗೆಗೆ ದುಪ್ಪಟ್ಟು ದಂಡ, ಮೇಲೆ ತಿಂಗಳಿಗೆ ಶೇ 2 ಬಡ್ಡಿ ಅಂತ ಇತ್ತು. 2024ರಲ್ಲಿ ಕಾಯ್ದೆ ತಿದ್ದಿ ದಂಡವನ್ನು ತಪ್ಪಿಸಿದ ತೆರಿಗೆಯಷ್ಟಕ್ಕೇ ಇಳಿಸಿದರು. ಜೊತೆಗೆ ಒಂದು ಬಾರಿ ತೀರುವಳಿ ಯೋಜನೆ ಬಂತು, ಅದರಲ್ಲಿ ಬಡ್ಡಿ ಮನ್ನಾ. ಅವಧಿ ಮುಂದೂಡುತ್ತಾ ಮುಂದೂಡುತ್ತಾ 2024ರ ನವೆಂಬರ್ 30ಕ್ಕೆ ಮುಗಿಯಿತು. ನನ್ನದು ಬರೀ ಅದೃಷ್ಟ.

2024ರ ಏಪ್ರಿಲ್‌ನಲ್ಲಿ ಆ ವರ್ಷದ್ದನ್ನು ಫಾರಂ 5ರಲ್ಲಿ ಸರಿಯಾಗಿ ತುಂಬಿ ಕಟ್ಟಿದೆ. ಹಳೆಯ ನಾಲ್ಕು ವರ್ಷಕ್ಕೆ ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೇ ಹೋದೆ. ಒಂದು ಪುಟದ ಅರ್ಜಿ, ಹಳೇ ರಸೀದಿಗಳು, ಅಳತೆಯ ಕೈನಕ್ಷೆ, ಜೊತೆಗೆ ಬಾಡಿಗೆ ಕರಾರುಗಳು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕಲ್ಲ, ಅದಕ್ಕೆ ಎಲ್ಲರಂತೆ ನಾವೂ 11 ತಿಂಗಳಿಗೊಮ್ಮೆ ಹೊಸ ಛಾಪಾ ಕಾಗದ ಮಾಡಿಕೊಳ್ಳುತ್ತಿದ್ದೆವು. ವ್ಯರ್ಥ ಖರ್ಚು ಅಂತ ಗೊಣಗುತ್ತಿದ್ದ ಆ ಕಾಗದಗಳೇ ಬಾಡಿಗೆ ಯಾವಾಗ ಶುರುವಾಯಿತು ಅನ್ನೋದಕ್ಕೆ ಸಾಕ್ಷಿಯಾದವು. ಇಲ್ಲದಿದ್ದರೆ ಇನ್ನೂ ಹಿಂದಿನ ವರ್ಷಗಳಿಗೂ ಕೇಳಿದ್ದರೆ ನಾನೇನು ತೋರಿಸುತ್ತಿದ್ದೆ? ಮೂರು ಸಲ ಓಡಾಡಿಸಿದರು, ಮೂರನೇ ಸಲ ಬಾಕಿ ಎಷ್ಟು ಅಂತ ಲೆಕ್ಕ ಕೊಟ್ಟರು, ಕಟ್ಟಿ ರಸೀದಿ ತಂದೆ.

ಇನ್ನೊಂದು ವಿಷಯ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಾಡಿಗೆ ಆದಾಯದ ಲೆಕ್ಕದಲ್ಲಿ, ಬಾಡಿಗೆಗೆ ಕೊಟ್ಟ ಭಾಗಕ್ಕೆ ಮಾಲೀಕ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆಯಬಹುದು, ಆಮೇಲೆ ಉಳಿದದ್ದರಲ್ಲಿ ಶೇ 30 ಕಡಿತ. ಹಳೇ ವರ್ಷದ ಬಾಕಿಯಾದರೂ, ನಿಜವಾಗಿ ದುಡ್ಡು ಕಟ್ಟಿದ ವರ್ಷದಲ್ಲೇ ಕಳೆಯೋದು. ದಂಡ ತೆರಿಗೆಯಲ್ಲ, ಅದನ್ನು ನಾನು ಸೇರಿಸಲಿಲ್ಲ.

2025ರ ಮಾರ್ಚ್‌ನಲ್ಲಿ ಹುಡುಗ ಮನೆ ಖಾಲಿ ಮಾಡಿದ. ಈಗ ಮಹಡಿಯಲ್ಲಿ ನಮ್ಮ ಮಗ ಪರೀಕ್ಷೆಗೆ ಓದಿಕೊಳ್ಳುತ್ತಾನೆ. ಏಪ್ರಿಲ್‌ನಲ್ಲಿ ಮತ್ತೆ ಫಾರಂ 5 ತೆಗೆದು, ಬಾಡಿಗೆಯನ್ನು ಸ್ವಂತ ವಾಸ ಅಂತ ಬದಲಿಸಿದೆ. ಯುಟಿಲಿಟಿಯ 48 ಅಡಿ ಹಾಗೇ ಇದೆ.